ಹೊಸ ಭಾಷೆ ಬರಲಿ, ಮೊದಲು ಕಾಲಂ ಸರಿಯಾಗಲಿ

ಕೇಳುಗರಿಗೆ ನಮಸ್ಕಾರ.

ಮಂಗಳೂರಿರಲಿ, ಮಣಿಪಾಲವಿರಲಿ, ಯಾವ ಕಾಲೇಜಿಗೆ ಹೋದರೂ ಈಗ ಮಕ್ಕಳದ್ದು ಒಂದೇ ಪ್ರಶ್ನೆ. "ಸರ್, ಡೇಟಾ ಕೆಲಸಕ್ಕೆ ಅಂತಲೇ ಹೊಸ ಪ್ರೋಗ್ರಾಮಿಂಗ್ ಭಾಷೆ ಬರ್ತದಂತೆ. ಇನ್ನು ಎಸ್‌ಕ್ಯೂಎಲ್ ಯಾಕೆ ಕಲಿಯಬೇಕು?" ಎಸ್‌ಕ್ಯೂಎಲ್ ಅಂದರೆ ಕಂಪ್ಯೂಟರಿನಲ್ಲಿ ಇಟ್ಟ ಡೇಟಾವನ್ನು ಕೇಳಿ ಪಡೆಯುವ ಭಾಷೆ. ಮಕ್ಕಳೇ, ಈ ಅಂತೆಕಂತೆಗೆ ಕಾಯುತ್ತಾ ಕೂರಬೇಡಿ.

ಬಂದರೆ ಹೇಗಿದ್ದೀತು? ನನ್ನ ಊಹೆ ಹೇಳುತ್ತೇನೆ. 1970ರಲ್ಲಿ ಐಬಿಎಂನ ಕಾಡ್ ಎಂಬವರು ಡೇಟಾವನ್ನೆಲ್ಲ ಕೋಷ್ಟಕಗಳಲ್ಲಿ ಇಡಿ ಎಂದರು. 1974ರಲ್ಲಿ ಅಲ್ಲಿಯವರೇ ಅದಕ್ಕೊಂದು ಭಾಷೆ ಮಾಡಿದರು, ಅದೇ ಇವತ್ತಿನ ಎಸ್‌ಕ್ಯೂಎಲ್. 1998ರಲ್ಲಿ ಎಕ್ಸ್‌ಎಂಎಲ್ ಬಂತು. ಇದೂ ಡೇಟಾ ಬರೆದಿಡುವ ಒಂದು ವಿಧಾನ, ಆದರೆ ಕೋಷ್ಟಕ ಅಲ್ಲ, ವಂಶವೃಕ್ಷದ ಹಾಗೆ ಕವಲೊಡೆಯುವಂಥದ್ದು. ಎರಡನ್ನೂ ಒಂದೇ ಭಾಷೆಯಲ್ಲಿ ಮಾತಾಡಿಸಬೇಕೆಂಬ ಆಸೆ ಅಂದಿನಿಂದ ಇದೆ. ಮೈಕ್ರೋಸಾಫ್ಟ್ ಸಂಶೋಧಕರು ಸಿ-ಒಮೇಗಾ ಎಂಬ ಪ್ರಾಯೋಗಿಕ ಭಾಷೆ ಮಾಡಿದರು. ಮುಂದೆ 2007ರಲ್ಲಿ ಅವರದ್ದೇ ಸಿ-ಶಾರ್ಪ್ ಭಾಷೆಯ ಒಳಗೇ ಡೇಟಾವನ್ನು ಕೇಳುವ ಲಿಂಕ್ (LINQ) ಎಂಬ ಸೌಲಭ್ಯ ಬಂತು. ಹಳೆ ಗಿಡಕ್ಕೇ ಕಸಿ ಕಟ್ಟಿದರು ನೋಡಿ. ಇನ್ನು ಬರುವುದೂ ಹಾಗೆಯೇ ಬಂದೀತು.

ಆದರೆ ಯಾವ ಭಾಷೆ ಬಂದರೂ ಕೋಷ್ಟಕದ ಕಾಲಂ ಸರಿ ಇಲ್ಲದಿದ್ದರೆ ಪ್ರಯೋಜನ ಇಲ್ಲ. ಒಂದು ಅನುಭವ ಹೇಳುತ್ತೇನೆ.

ದೋಣಿಗಳು ಬಂದು ನಿಲ್ಲುವ ದಕ್ಕೆಯಲ್ಲಿ ಮೀನು ವ್ಯಾಪಾರ ಮಾಡುವ ಪರಿಚಯದವರೊಬ್ಬರು ಕರೆದರು. "ವರ್ಷದ ಲೆಕ್ಕ ಕಂಪ್ಯೂಟರಲ್ಲಿ ಉಂಟು. ಬಂಗುಡೆ ಒಟ್ಟು ಎಷ್ಟು ಬಂತು, ಹೇಳಿ ಮಾರಾಯ್ರೆ." ಹತ್ತು ನಿಮಿಷದ ಕೆಲಸ ಎಂದುಕೊಂಡು ಹೋದೆ. ಬಂದ ಮೊತ್ತ ಒಂದು ಒಳ್ಳೆಯ ದಿನದ ಮೀನಿಗಿಂತ ಕಡಿಮೆ! ಸಾಲು ಸಾಲಾಗಿ ನೋಡಿದೆ. ಒಂದು ಕಡೆ ಬಂಗುಡೆ, ಒಂದು ಕಡೆ ಬಂಗ್ಡೆ, ರಜೆಗೆ ಬಂದ ಅಳಿಯ ಬರೆದ ಕಡೆ ಮ್ಯಾಕರೆಲ್. ಕಂಪ್ಯೂಟರಿಗೆ ಅದು ಮೂರು ಮೀನು. ಪ್ರಮಾಣದ ಕಾಲಂನಲ್ಲಿ "12 ಬಾಕ್ಸ್", "3 ಬುಟ್ಟಿ", ಇನ್ನೊಂದರಲ್ಲಿ "12 ಬಾಕ್ಸ್, ಎರಡು ಹಾಳು". ಅಕ್ಷರ ಇದ್ದದ್ದನ್ನೆಲ್ಲ ಯಂತ್ರ ಬಿಟ್ಟು, ಬರೀ ಅಂಕಿ ಇದ್ದದ್ದನ್ನು ಮಾತ್ರ ಕೂಡಿಸಿತ್ತು. ಅಲ್ಲಿ ಲೆಕ್ಕ ಬರೆಯುವ ರೈಟರ್ ಪಕ್ಕಕ್ಕೆ ಬಂದು ನಿಂತರು. "ಆ ಬುಟ್ಟಿ ಸಣ್ಣದು ಸರ್, ಮಳೆಗಾಲಕ್ಕೆ ಮೊದಲಿನದ್ದು." ನಿಜವಾದ ಡೇಟಾ ಇದ್ದದ್ದು ಅವರ ತಲೆಯಲ್ಲಿ! ಅವರನ್ನೇ ಕೂರಿಸಿಕೊಂಡು ಎರಡು ದಿನ ತಿದ್ದಿದೆವು. ತಾರೀಕು, ದೋಣಿ, ಮೀನು, ಸಂಖ್ಯೆ, ಅಳತೆ, ದರ, ಎಲ್ಲವೂ ಬೇರೆ ಬೇರೆ ಕಾಲಂ. ಮೀನಿನ ಹೆಸರು ಟೈಪ್ ಮಾಡುವ ಹಾಗಿಲ್ಲ, ಪಟ್ಟಿಯಿಂದಲೇ ಆರಿಸಬೇಕು. ಅಷ್ಟಾದ ಮೇಲೆ ಎಸ್‌ಕ್ಯೂಎಲ್‌ನ ಒಂದೇ ಸಾಲು, ಉತ್ತರ ಬಂತು. ರೈಟರ್ ಕನ್ನಡಕ ಮೇಲೇರಿಸಿ ಪರದೆ ನೋಡಿ, ತಮ್ಮ ಪುಸ್ತಕದ ಜೊತೆ ತಾಳೆ ಹಾಕಿ, "ಸರಿ ಉಂಟು" ಎಂದರು. ಆ ಎರಡು ಪದಕ್ಕೆ ನನಗಾದ ಸಂತೋಷ ಅಷ್ಟಿಷ್ಟಲ್ಲ.

ಡೇಟಾ ಬರೆದಿಡುವ ಇನ್ನೊಂದು ವಿಧಾನ ಜೇಸನ್ (JSON), ಪ್ರೋಗ್ರಾಮಿಂಗ್ ಭಾಷೆ ಪೈಥಾನ್, ಇವುಗಳ ಬಗ್ಗೆಯೂ ಹೇಳಬೇಕೆಂದಿದ್ದೆ, ಸಮಯ ಮುಗಿಯುತ್ತಾ ಬಂತು. ಅಲ್ಲಿಯೂ ಮಾತು ಇದೇ, ಕಾಲಂ ಸರಿ ಇರಬೇಕು. ನಮ್ಮ ಉಡುಪಿಯಲ್ಲಿ 1928ರಲ್ಲೇ ಪಿಗ್ಮಿ ಠೇವಣಿ ಶುರುವಾಯಿತು, ದಿನಕ್ಕೆ ಎರಡಾಣೆ. ಮನೆಮನೆಯಿಂದ ಬಂದ ಆ ಚಿಲ್ಲರೆ ಲೆಕ್ಕ ತಪ್ಪದೆ ನಿಂತದ್ದು ಕಾಲಂ ಎಳೆದ ಪುಸ್ತಕದಲ್ಲಿ. ಆಗ ಕಂಪ್ಯೂಟರ್ ಎಲ್ಲಿತ್ತು?

ವಿದ್ಯಾರ್ಥಿಗಳಿಗೆ ಒಂದು ಕೆಲಸ ಕೊಡುತ್ತೇನೆ. ಎಸ್‌ಕ್ಯೂಲೈಟ್ ಎಂಬ, ಡೇಟಾ ಇಟ್ಟು ಎಸ್‌ಕ್ಯೂಎಲ್‌ನಲ್ಲಿ ಕೇಳಬಹುದಾದ ಪುಟ್ಟ ತಂತ್ರಾಂಶ ಉಚಿತವಾಗಿ ಸಿಗುತ್ತದೆ. ಮನೆಯ ಒಂದು ತಿಂಗಳ ದಿನಸಿ ಚೀಟಿಗಳನ್ನು ಅಮ್ಮನ ಹತ್ತಿರ ಕೇಳಿ ತೆಗೆದುಕೊಳ್ಳಿ. ಅವನ್ನು ಆ ತಂತ್ರಾಂಶಕ್ಕೆ ತುಂಬಿಸಿ, ಅಕ್ಕಿ ಒಟ್ಟು ಎಷ್ಟು ಕಿಲೊ ಬಂತು ಎಂದು ಅದರಲ್ಲಿ ಉತ್ತರ ತೆಗೆಯಿರಿ. ಕುಚ್ಚಲಕ್ಕಿ, ಬೆಳ್ತಿಗೆ ಬೇರೆ ಬೇರೆಯಾಗಿ. ನಮಸ್ಕಾರ.