ಒಂದು ಬಕೆಟ್, ಹನ್ನೊಂದು ದಿನ ಮಾತಿಲ್ಲ | ಹಾಸ್ಟೆಲ್ ವ್ಲಾಗ್

ನಮಸ್ಕಾರ. ಈಗ ಕಾಣುತ್ತಿರುವುದು ಮೈಸೂರಿನ ಕುಕ್ಕರಹಳ್ಳಿ ಕೆರೆ, ಇವತ್ತು ಬೆಳಿಗ್ಗೆ ಆರೂವರೆ. ಕ್ಯಾಮೆರಾ ಅಲ್ಲಾಡಿದ್ದು ಚಳಿಗೆ, ಬೇರೇನಿಲ್ಲ. ವಾಯ್ಸ್ ಮಾತ್ರ ಈಗ ಸಂಜೆ, ಹಾಸ್ಟೆಲ್ ಟೆರೇಸ್ ಮೇಲೆ ಕೂತು ಕೊಡುತ್ತಿದ್ದೇನೆ. ಹಿಂದೆ ಪಟಪಟ ಅಂತ ಕೇಳುತ್ತಿರುವುದು ಒಣಗಲು ಹಾಕಿದ ಬೆಡ್‌ಶೀಟ್. ರೂಮಿನಲ್ಲಿ ರೆಕಾರ್ಡ್ ಮಾಡುವ ಹಾಗಿಲ್ಲ. ಯಾಕಂದ್ರೆ ಇವತ್ತಿನ ವಿಷಯವೇ ನನ್ನ ರೂಮ್‌ಮೇಟ್.

ಹೆಸರು ಹೇಳಲ್ಲ. ಕಲಬುರಗಿ ಕಡೆಯವಳು. ನಾನು ಇಲ್ಲೇ ನಂಜನಗೂಡು.

ನಮ್ಮ ಹಾಸ್ಟೆಲ್‌ನಲ್ಲಿ ಬಿಸಿನೀರು ಐದೂವರೆಯಿಂದ ಏಳರವರೆಗೆ. ಸೋಲಾರ್. ಒಂದು ಫ್ಲೋರಿಗೆ ಒಂದೇ ನಲ್ಲಿ. ಕ್ಯೂನಲ್ಲಿ ನಾವು ನಿಲ್ಲುವುದಿಲ್ಲ, ಬಕೆಟ್ ನಿಲ್ಲುತ್ತದೆ. ಒಬ್ಬಳದ್ದು ತುಂಬಿದರೆ ಹಿಂದಿನವಳು ತನ್ನದನ್ನು ಮುಂದೆ ತಳ್ಳುತ್ತಾಳೆ. ನನ್ನದು ಕೆಂಪು ಬಕೆಟ್, ಹಿಡಿ ಮುರಿದು ನೈಲಾನ್ ದಾರ ಕಟ್ಟಿದ್ದು. ಇಂಟರ್ನಲ್ಸ್ ದಿನ ಹೋಗಿ ನೋಡಿದರೆ ಬಕೆಟ್ಟೂ ಇಲ್ಲ, ನೀರೂ ಇಲ್ಲ. ಇವಳು ಸ್ನಾನ ಮುಗಿಸಿ, ತಲೆಗೆ ಟವೆಲ್ ಸುತ್ತಿಕೊಂಡು ಬರುತ್ತಿದ್ದಾಳೆ, ಕೈಯಲ್ಲಿ ನನ್ನ ಬಕೆಟ್. ಖಾಲಿ.

"ನಿನಗ ಬೇಕಿತ್ತೇನು?" ಅಂದಳು.

ನಾನು "ಪರವಾಗಿಲ್ಲ ಬಿಡು" ಅಂದೆ.

ಮೈಸೂರು ಕಡೆಯವರಿಗೆ ಗೊತ್ತು ಆ ಮಾತಿನ ಅರ್ಥ. ಪರವಾಗಿಲ್ಲ ಬಿಡು ಅಂದರೆ ಪರವಾಗಿದೆ, ನೆನಪಿಟ್ಟುಕೊಂಡಿದ್ದೇನೆ, ನಿನ್ನ ಮದುವೆಯಲ್ಲೂ ಇದನ್ನೇ ಹೇಳುತ್ತೇನೆ ಅಂತ. ತಣ್ಣೀರು ಸುರಿದುಕೊಂಡು ಪರೀಕ್ಷೆಗೆ ಹೋದೆ. ಆಮೇಲೆ ಹನ್ನೊಂದು ದಿನ ಮಾತಿಲ್ಲ.

ಇದು ಹೆಜ್ಜಾರ್ಲೆ ಹಕ್ಕಿ, ನೋಡಿ, ಮರದ ಮೇಲೆ. ಎಷ್ಟು ಜೂಮ್ ಮಾಡಿದರೂ ಬಿಳಿ ಪ್ಲಾಸ್ಟಿಕ್ ಕವರ್ ಥರ ಕಾಣುತ್ತದೆ. ಕೆರೆ ಕಟ್ಟಿಸಿದ್ದು 1864ರಲ್ಲಿ, ಮುಮ್ಮಡಿ ಕೃಷ್ಣರಾಜ ಒಡೆಯರ್. ಕುವೆಂಪು ವಾಕಿಂಗ್ ಬರುತ್ತಿದ್ದ ಜಾಗ ಇದೇ. ನಾನು ಬರುವುದು ರೂಮಿನಿಂದ ತಪ್ಪಿಸಿಕೊಳ್ಳಲು. ಸರಿ, ಎಲ್ಲಿದ್ದೆ? ಬಕೆಟ್.

ಆ ಬಕೆಟ್ ಮುಟ್ಟಬಾರದು ಅಂತ ಹಠ ಹಿಡಿದು ದೇವರಾಜ ಮಾರ್ಕೆಟ್ ಹತ್ತಿರ ಹೊಸದು ತಗೊಂಡೆ. 240 ರೂಪಾಯಿ! ಮಗ್ ಬೇರೆ, 45. ಅಂಗಡಿಯವರು ಬಕೆಟ್ ಬೋರಲು ಹಾಕಿ, ಮೇಲೆ ಕಾಲಿಟ್ಟು ತೋರಿಸಿದರು. "ಆನೆ ಕೂತ್ರೂ ಏನಾಗಲ್ಲಮ್ಮ." ಮೂರನೇ ದಿನ ಬಿಸಿನೀರು ಬಿದ್ದ ಕೂಡಲೇ ತಳದಲ್ಲಿ ಕೂದಲೆಳೆಯಷ್ಟು ಬಿರುಕು. ನಲ್ಲಿಯಿಂದ ಬಾತ್‌ರೂಮಿಗೆ ಹೋಗುವಷ್ಟರಲ್ಲಿ ಅರ್ಧ ಖಾಲಿ. ಕಾರಿಡಾರ್ ಉದ್ದಕ್ಕೂ ನೀರಿನ ಗೆರೆ, ವಾರ್ಡನ್ ಆ ಗೆರೆ ಹಿಡಿದುಕೊಂಡೇ ನಮ್ಮ ರೂಮಿಗೆ ಬಂದರು. ಅಂಗಡಿಗೆ ವಾಪಸ್ ಕೊಡಲು ಹೋದೆ. "ಬಿಸಿನೀರಿಗೆ ಅಂತ ಹೇಳಲೇ ಇಲ್ವಲ್ಲಮ್ಮ ನೀವು" ಅಂದರು. ಬಕೆಟ್ ತಗೊಳ್ಳುವಾಗ ಯಾರಾದರೂ ಹೇಳುತ್ತಾರಾ, ಇದು ಬಿಸಿನೀರಿಗೆ ಅಂತ? 285 ರೂಪಾಯಿ ಅಂದರೆ ಏಳೆಂಟು ಮಸಾಲೆ ದೋಸೆ. ಬಸ್ಸಿನಲ್ಲಿ ಬಿರುಕು ಬಿಟ್ಟ ಬಕೆಟ್ ತೊಡೆ ಮೇಲಿಟ್ಟುಕೊಂಡು ಅತ್ತೆ. ನಗಬೇಡಿ.

ಆಗಲೇ ಅನಿಸಿದ್ದು, ಇದು ಬಕೆಟ್ ವಿಷಯ ಅಲ್ಲ ಅಂತ.

ಕಾಲೇಜಿನಲ್ಲಿ ಕೌನ್ಸೆಲಿಂಗ್ ರೂಮ್ ಇದೆ. ಎಲ್ಲಿದೆ ಗೊತ್ತಾ? ಎಕ್ಸಾಮ್ ಸೆಕ್ಷನ್ ಪಕ್ಕ. ಬಾಗಿಲಿಗೆ ಗಾಜು. ಹಾಲ್ ಟಿಕೆಟ್‌ಗೆ ನಿಂತ ಅರ್ಧ ಕಾಲೇಜು ನೀವು ಅಳುವುದನ್ನು ನೋಡಬಹುದು. ಯಾರ ತಲೆಗೆ ಹೊಳೆಯಿತೋ ಇದು. ನಾನು ರೀವ್ಯಾಲ್ಯುಯೇಶನ್ ಫಾರಂ ಕೈಯಲ್ಲಿ ಹಿಡಿದು ಹೋದೆ, ಯಾರಾದರೂ ಕೇಳಿದರೆ ಇರಲಿ ಅಂತ. ಆದರೆ ಮೇಡಂ ಒಳ್ಳೆಯವರು.

"ಏನಾಯ್ತಮ್ಮ?"

"ಬೇಜಾರು ಮೇಡಂ."

"ಯಾವ ಬೇಜಾರು?"

ಬಾಯಿ ಕಟ್ಟಿಹೋಯಿತು. ಯೋಚನೆ ಮಾಡಿ, ನಾವು ಎಲ್ಲದಕ್ಕೂ ಒಂದೇ ಪದ ಬಳಸುತ್ತೇವೆ. ಕ್ಲಾಸ್ ಬೋರಾದರೆ ಬೇಜಾರು, ಅಜ್ಜಿ ಹೋದರೂ ಬೇಜಾರು. ಯಾರೋ ಬೈದರೆ ಬೇಜಾರು, ಯಾರೂ ಫೋನ್ ಮಾಡದಿದ್ದರೂ ಬೇಜಾರು. ಮೇಡಂ ಒಂದು ಹಾಳೆ ಕೊಟ್ಟು, ಆ ಪದ ಬಿಟ್ಟು ಬರಿ ಅಂದರು. ಹತ್ತು ನಿಮಿಷ ಆದಮೇಲೆ ಬರೆದದ್ದು: ಸಿಟ್ಟು. ಅದರ ಕೆಳಗೆ: ಅವಮಾನ. ಇನ್ನೂ ಕೆಳಗೆ, ಸಣ್ಣ ಅಕ್ಷರದಲ್ಲಿ: ಒಂಟಿ. ಒಂದು ಬಕೆಟ್‌ಗೆ ಇಷ್ಟೊಂದಾ ಅಂತ ನನಗೇ ನಾಚಿಕೆ ಆಯಿತು.

ಬರೆಯುವ ಇನ್ನೊಂದು ಅಭ್ಯಾಸವನ್ನೂ ಹೇಳಿದರು. ಅಮೆರಿಕದ ಜೇಮ್ಸ್ ಪೆನ್ನಬೇಕರ್ ಅನ್ನುವ ಮನಶ್ಶಾಸ್ತ್ರಜ್ಞರು 1986ರಲ್ಲಿ ಪ್ರಕಟಿಸಿದ ಅಧ್ಯಯನದ್ದು. ಕಾಲೇಜು ಹುಡುಗರ ಹತ್ತಿರವೇ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸು ಕೊರೆಯುವ ವಿಷಯ ಬರೆಸಿದ್ದರಂತೆ. ಬರೆದ ಕೂಡಲೇ ಮೂಡ್ ಇನ್ನೂ ಕೆಟ್ಟಿತ್ತಂತೆ, ಮುಂದಿನ ತಿಂಗಳುಗಳಲ್ಲಿ ಅವರು ಡಾಕ್ಟರ್ ಹತ್ತಿರ ಹೋಗುವುದು ಕಮ್ಮಿ ಆಗಿತ್ತಂತೆ. ನಾನೂ ಮಾಡಿದೆ. ಎರಡನೇ ರಾತ್ರಿಗೆ ಇದೆಲ್ಲ ಓಳು ಅನಿಸಿತು. ನಾಲ್ಕನೇ ರಾತ್ರಿ ನೋಡಿದರೆ ಪುಟದಲ್ಲಿ ಬಕೆಟ್ ಸುದ್ದಿಯೇ ಇಲ್ಲ. ಬರೀ ಅಮ್ಮ. ಮನೆ ಬಿಟ್ಟು ಬಂದದ್ದು, ಫೋನಿನಲ್ಲಿ ದಿನಾ "ಎಲ್ಲ ಚೆನ್ನಾಗಿದೆ" ಅನ್ನುವುದು. ಅದೂ ಒಂಥರಾ ಪರವಾಗಿಲ್ಲ ಬಿಡು. ಸರಿ, ಓಳು ಅಂದಿದ್ದು ವಾಪಸ್ ತಗೊಳ್ಳುತ್ತೇನೆ. ಅರ್ಧ.

ಇನ್ನೊಂದು ವಿಷಯ, ಇದನ್ನು ತಮಾಷೆ ಇಲ್ಲದೆ ಹೇಳುತ್ತೇನೆ. 14416. ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು ಶುರುವಾದ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ಉಚಿತ, ಇಪ್ಪತ್ನಾಲ್ಕು ಗಂಟೆ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಬಂದವರಿಗೆ ಮಾತ್ರ ಅಂತ ತಿಳಿದಿದ್ದೆ. ಹಾಗೇನಿಲ್ಲ. ಅಂಥ ಯೋಚನೆ ಬಂದರೆ ತಡ ಮಾಡಲೇಬೇಡಿ, ಆದರೆ ಪರೀಕ್ಷೆ ಭಯ, ನಿದ್ದೆ ಬರದಿರುವುದಕ್ಕೂ ಮಾಡಬಹುದು. ನಾನು ರಾತ್ರಿ ಒಂದು ಗಂಟೆಗೆ, ಇದೇ ಟೆರೇಸ್‌ನಿಂದ ಮಾಡಿದೆ. ಗಾಜಿನ ಬಾಗಿಲಿಲ್ಲ, ಅದೇ ದೊಡ್ಡದು.

ಈ ಶಾಟ್ ಇಷ್ಟು ಉದ್ದ ಯಾಕೆ ಇಟ್ಟೆ ಗೊತ್ತಿಲ್ಲ. ನಾಯಿ ಮಲಗಿದೆ ಅಷ್ಟೇ.

ಹಾಂ, ಇವಳ ಜೊತೆ ರಾಜಿ ಆಗಿದ್ದು ಹೇಗೆ ಅಂತ. ಮೇಡಂ ಹೇಳಿಕೊಟ್ಟಿದ್ದು ಇಷ್ಟೇ: "ನೀನು ಯಾವಾಗಲೂ ಹೀಗೇ" ಅಂತ ಶುರು ಮಾಡಬೇಡ, "ನನಗೆ" ಅಂತ ಶುರು ಮಾಡು. ಕನ್ನಡದಲ್ಲಿ ಇದು ಸುಲಭ, ಅಲ್ವಾ? ನನಗೆ ಸಿಟ್ಟು ಬಂತು, ನನಗೆ ನೋವಾಯಿತು. ಯಾವುದೋ ನೆಂಟರು ಬಂದ ಹಾಗೆ ಬಂತು. ಹೇಳಿದರೆ ಎದುರಿನವರಿಗೆ ಚುಚ್ಚುವುದಿಲ್ಲ. ಹನ್ನೊಂದನೇ ದಿನ ಸಂಜೆ ಬಾಗಿಲು ಹಾಕಿ, ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡಿದ್ದನ್ನು ಒಪ್ಪಿಸಿದೆ. "ಅವತ್ತು ನೀರಿಲ್ಲದೆ ಹೋದಾಗ ನನಗೆ ಅವಮಾನ ಆಯ್ತು ಕಣೇ. ಇನ್ಮೇಲೆ ಕೇಳಿ ತಗೋ."

ಅವಳು ಕೈಯಲ್ಲಿದ್ದ ಶೇಂಗಾ ಹಿಂಡಿ ಡಬ್ಬಿ ಕೆಳಗಿಟ್ಟಳು.

"ನಾ ಕೇಳಿನಲ್ಲ! ನಿನ್ನ ಬಕೆಟ್ ತಗೋಲೇನು ಅಂತ. ನೀ ರಗ್ಗಿನಾಗಿಂದ ಹೂಂ ಅಂದಿ."

ನಿದ್ದೆಯಲ್ಲಿ ಅಂದಿರಬೇಕು. ಅನ್ನುತ್ತೇನೆ ನಾನು, ಅಮ್ಮನಿಗೂ ಹಾಗೇ ಅನ್ನುತ್ತಿದ್ದೆ.

"ಆಮ್ಯಾಲ ಪರವಾಗಿಲ್ಲ ಬಿಡು ಅಂದಿ. ನಾ ಪರವಾಗಿಲ್ಲ ಅಂತ ತಿಳಕೊಂಡೆ. ಮತ್ತೇನು ತಿಳಕೋಬೇಕಿತ್ತು?"

ಹನ್ನೊಂದು ದಿನ ನಾನು ಅವಳ ಮುಖಕ್ಕೆ ಫ್ಯಾನ್ ಆಫ್ ಮಾಡಿದೆ, ಸ್ಟೇಟಸ್‌ನಲ್ಲಿ ಚುಚ್ಚಿದೆ. ಅವಳು ಅಷ್ಟೂ ದಿನ ನನಗೆ ಹುಷಾರಿಲ್ಲ ಅಂತ ತಿಳಿದು, ಅವಳ ಪಾಲಿನ ಹಾಲು ನನ್ನ ಟೇಬಲ್ ಮೇಲೆ ಇಡುತ್ತಿದ್ದಳು. ಆ ಹಾಲನ್ನು ನಾನು ಬೇಕಂತಲೇ ಸಿಂಕಿಗೆ ಚೆಲ್ಲಿದ್ದೆ. ಇದನ್ನು ಅವಳಿಗೆ ಇನ್ನೂ ಹೇಳಿಲ್ಲ. ವಿಡಿಯೋ ನೋಡಿ ಗೊತ್ತಾಗಲಿ.

ಎಲ್ಲ ಸರಿಹೋಯಿತು ಅಂತೇನಲ್ಲ. ರಾತ್ರಿ ಹನ್ನೊಂದಕ್ಕೆ ಸ್ಪೀಕರ್ ಹಾಕಿಕೊಂಡು ಅಣ್ಣನ ಜೊತೆ ಮಾತಾಡುತ್ತಾಳೆ, ಇಡೀ ಫ್ಲೋರಿಗೆ ಅವರ ಮನೆ ಎಮ್ಮೆ ಕಥೆ ಗೊತ್ತು. ಈಗ ನಾನು "ನನಗೆ ನಿದ್ದೆ ಬರ್ತಿಲ್ಲ" ಅನ್ನುತ್ತೇನೆ. ಅವಳು "ಐದು ನಿಮಿಷ" ಅನ್ನುತ್ತಾಳೆ. ಅದು ಇಪ್ಪತ್ತು ಆಗುತ್ತದೆ.

ಸ್ಕ್ರೀನ್ ಮೇಲೆ ಇರುವುದು ಬಿರುಕು ಬಿಟ್ಟ ಹೊಸ ಬಕೆಟ್. ಒಣಗಿದ ಬಟ್ಟೆ ಹಾಕಲು ಇಟ್ಟಿದ್ದೇವೆ. ಅಯ್ಯೋ, ಬೆಡ್‌ಶೀಟ್ ಹಾರಿಹೋಯಿತು, ಅದು ಅವಳದ್ದೇ. ಪಕ್ಕದ ಬಿಲ್ಡಿಂಗ್ ಶೀಟ್ ಮೇಲೆ ಬಿತ್ತು. ನಿಲ್ಲಿ, ಮೊದಲು ಹೋಗಿ ಅವಳಿಗೆ ಹೇಳುತ್ತೇನೆ.