ಕಬ್ಬಿನ ಕಾಟಾ, ರೈತನ ಫೋಟೊ ಮತ್ತು ಕಾಣದ ಬೈಟುಗಳು

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಲ್ಲಿ ನಿಂತು ಡೇಟಾಬೇಸ್ ಬಗ್ಗೆ ಮಾತಾಡುವಾಗ ಬ್ಯಾಂಕು, ಆನ್‌ಲೈನ್ ಶಾಪಿಂಗ್ ಅಂತ ಪುಸ್ತಕದ ಉದಾಹರಣೆ ಯಾಕೆ? ಮುಧೋಳ, ಜಮಖಂಡಿ ಕಡೆ ಹಂಗಾಮಿನಲ್ಲಿ ಸಕ್ಕರೆ ಕಾರ್ಖಾನೆಯ ಕಾಟಾದ ಮುಂದೆ ಟ್ರ್ಯಾಕ್ಟರ್‌ಗಳು ಸಾಲುಗಟ್ಟಿ ನಿಂತಿರುತ್ತವೆ. ಕಾಣದ ಬೈಟುಗಳನ್ನು, ಫೋಟೊಗಳನ್ನು ಡೇಟಾಬೇಸ್‌ನಲ್ಲಿ ಹೇಗೆ ಇಡಬೇಕು ಅನ್ನೋದನ್ನು ಅಲ್ಲಿಂದಲೇ ಶುರು ಮಾಡೋಣ.

ಗಾಡಿ ಕಾಟಾ ಹತ್ತಿತು, ತೂಕ ತೋರಿಸುವ ಇಂಡಿಕೇಟರ್‌ನಲ್ಲಿ 18450 ಅಂತ ಬಂತು. ಅದು ಸೀರಿಯಲ್ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಹೋಗುತ್ತದೆ. ಆದರೆ ಹೋಗುವುದು ಬರೀ ಐದು ಅಂಕಿ ಅಲ್ಲ. ಬಹಳ ಇಂಡಿಕೇಟರ್‌ಗಳು ಅಂಕಿಗಳ ಮುಂದೆ 2 ಎಂಬ ಬೈಟ್ (0ಯಿಂದ 255ರೊಳಗಿನ ಒಂದು ಸಂಖ್ಯೆ) ಕಳಿಸುತ್ತವೆ, ‘ಮಾಹಿತಿ ಇಲ್ಲಿಂದ ಶುರು’ ಅಂತ. ಕೊನೆಗೆ 13, ಅಂದರೆ ಕ್ಯಾರೇಜ್ ರಿಟರ್ನ್. ಅಕ್ಷರಗಳಿಗೆ ಸಂಖ್ಯೆ ಕೊಡುವ ಆಸ್ಕಿ ಪಟ್ಟಿಯಲ್ಲಿ 0ಯಿಂದ 31ರವರೆಗಿನವು ಮತ್ತು 127, ಒಟ್ಟು 33 ಇಂಥವಿವೆ. ಇವು ಓದಲಿಕ್ಕೆ ಇರುವವಲ್ಲ, ಯಂತ್ರಕ್ಕೆ ಸನ್ನೆ ಮಾಡಲಿಕ್ಕೆ ಇರುವವು.

ಬಂದದ್ದನ್ನು ಬಂದ ಹಾಗೆಯೇ ಅಕ್ಷರ ಇಡುವ ವರ್‌ಕ್ಯಾರ್ ಕಾಲಂಗೆ ತುಂಬಿದರು ಅನ್ನಿ. ಆಮೇಲೆ ತೂಕ 18450 ಇರುವ ಸಾಲು ಕೊಡು ಅಂದರೆ ಡೇಟಾಬೇಸ್ ಇಲ್ಲ ಅನ್ನುತ್ತದೆ. ಮೈಎಸ್‌ಕ್ಯೂಎಲ್ ಕನ್ಸೋಲ್‌ನಲ್ಲಿ ಇಡೀ ಟೇಬಲ್ ತೆಗೆದರೆ, ಆ 13 ಬಂದ ಕೂಡಲೇ ಕರ್ಸರ್ ಸಾಲಿನ ಮೊದಲಿಗೆ ಓಡಿ, ಒಂದರ ಮೇಲೊಂದು ಅಚ್ಚಾಗಿ ಎಲ್ಲ ಕಲಸುಮೇಲೋಗರ. ಇಂಥ ಕಡೆ ಕಣ್ಣನ್ನು ನಂಬಬೇಡಿ, ಪ್ರತಿ ಬೈಟನ್ನೂ ಹದಿನಾರರ ಲೆಕ್ಕದ ಎರಡು ಅಂಕಿಯಲ್ಲಿ ತೋರಿಸುವ ಹೆಕ್ಸ್ ಫಂಕ್ಷನ್ ಹಾಕಿ. 02 31 38 34 35 30 0ಡಿ: ಮೊದಲು ಆ 2, ನಡುವೆ ಐದು ಅಂಕಿಗಳ ಕೋಡ್, ಕೊನೆಗೆ ಆ 13. ಈಗ ಏಳೂ ಬೈಟು ಸಿಕ್ಕಿಬಿದ್ದವು.

ಅಂಕಿಯನ್ನು ಬಿಡಿಸಿಕೊಂಡು ನಂಬರ್ ಕಾಲಂಗೆ ಹಾಕಿ. ಮೂಲ ಬೈಟುಗಳನ್ನು ಎಸೆಯಬೇಡಿ, ಪಕ್ಕದಲ್ಲೇ, ಬೈಟುಗಳನ್ನು ಇದ್ದ ಹಾಗೇ ಇಡುವ ವರ್‌ಬೈನರಿ ಕಾಲಂನಲ್ಲಿಡಿ. ಕಾಟಾದ ತೂಕದ ಮೇಲೆ ರೈತರಿಗೆ ಅನುಮಾನ ಬಂದೇ ಬರುತ್ತದೆ. ಆಗ ಇಂಡಿಕೇಟರ್ ಏನು ಕಳಿಸಿತ್ತು ಅಂತ ತೋರಿಸಬೇಕಲ್ವಾ?

ಇನ್ನು ರೈತನ ಫೋಟೊ. ಜೆಪೆಗ್ ಫೈಲಿನ ಮೊದಲ ಎರಡು ಬೈಟು 255 ಮತ್ತು 216. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಪದ್ಧತಿ ಯುಟಿಎಫ್-8. ಸರಿಯಾದ ಯುಟಿಎಫ್-8ರಲ್ಲಿ 255 ಎಂಬ ಬೈಟ್ ಎಲ್ಲೂ ಬರುವುದಿಲ್ಲ. ಹಾಗಾಗಿ ಫೋಟೊ ಟೆಕ್ಸ್ಟ್ ಕಾಲಂನ ಹೊಸ್ತಿಲಲ್ಲೇ ಎಡವುತ್ತದೆ. ಫೋಟೊದೊಳಗೆ 0 ಬೈಟುಗಳೂ ಇರುತ್ತವೆ, ಅದನ್ನಂತೂ ಪೋಸ್ಟ್‌ಗ್ರೆಸ್‌ನ ಟೆಕ್ಸ್ಟ್ ಕಾಲಂ ಒಳಗೇ ಬಿಡುವುದಿಲ್ಲ. ಇಂಥ ಕಚ್ಚಾ ಬೈಟುಗಳಿಗೆಂದೇ ಪೋಸ್ಟ್‌ಗ್ರೆಸ್‌ನಲ್ಲಿ ಬೈಟ್-ಎ ಇದೆ, ಮೈಎಸ್‌ಕ್ಯೂಎಲ್‌ನಲ್ಲಿ ಬ್ಲಾಬ್ ಇದೆ.

ಬ್ಲಾಬ್‌ನಲ್ಲೂ ಒಂದು ಗುಂಡಿ ಇದೆ. ಸುಮ್ನೆ ಬ್ಲಾಬ್ ಅಂತ ಬರೆದರೆ ಹಿಡಿಸುವುದು 65,535 ಬೈಟು ಮಾತ್ರ. ಮೊಬೈಲ್ ಫೋಟೊ ಅದಕ್ಕಿಂತ ಎಷ್ಟೋ ಜಾಸ್ತಿ. ಸ್ಟ್ರಿಕ್ಟ್ ಮೋಡ್ ಇದ್ದರೆ ಎರರ್ ಬರುತ್ತದೆ, ಅದು ನಮ್ಮ ಪುಣ್ಯ. ಯಾರೋ ಆಫ್ ಮಾಡಿಟ್ಟಿದ್ದರೆ ಒಂದು ವಾರ್ನಿಂಗ್ ಕೊಟ್ಟು ಉಳಿದದ್ದನ್ನು ಕತ್ತರಿಸಿಬಿಡುತ್ತದೆ. ತೆರೆದು ನೋಡಿದರೆ ಮೇಲೆ ರೈತನ ಪಟಕಾ ಕಾಣುತ್ತದೆ, ಕೆಳಗೆಲ್ಲ ಬೂದು ಬಣ್ಣ. 16 ಎಂಬಿ ಹಿಡಿಸುವ ಮೀಡಿಯಂಬ್ಲಾಬ್ ತಗೊಳ್ಳಿ.

ಬೈಟುಗಳನ್ನು ಓದಬಲ್ಲ ಅಕ್ಷರಗಳಾಗಿಸುವ ಬೇಸ್64 ಮಾಡಿ ಟೆಕ್ಸ್ಟ್‌ನಲ್ಲಿಟ್ಟರಾಯಿತಲ್ಲ ಅಂತ ಕೆಲವರು ಕೇಳುತ್ತಾರೆ. ಇಡಬಹುದು, ಆದರೆ ಪ್ರತಿ 3 ಬೈಟಿಗೆ 4 ಅಕ್ಷರ ಆಗುತ್ತದೆ. 300 ಕೆಬಿ ಫೋಟೊ 400 ಕೆಬಿ. ಬ್ಲಾಬ್ ಇರುವಾಗ ಈ ದಂಡ ಯಾಕೆ ಕಟ್ಟಬೇಕು? ಒಳಗೆ ಹಾಕುವಾಗ ಮಾತ್ರ ಕ್ವೆರಿಯನ್ನು, ಅಂದರೆ ಡೇಟಾಬೇಸ್‌ಗೆ ಕೊಡುವ ಆದೇಶವನ್ನು, ಸ್ಟ್ರಿಂಗ್ ಜೋಡಿಸಿ ಬರೆಯಬೇಡಿ. ಫೋಟೊದ ನಡುವೆ ಎಲ್ಲೋ 39 ಬಂದರೆ ಅದೇ ಸಿಂಗಲ್ ಕೋಟ್, ಕ್ವೆರಿ ಅಲ್ಲೇ ಮುರಿಯುತ್ತದೆ. ಆದೇಶವನ್ನೂ ಮಾಹಿತಿಯನ್ನೂ ಬೇರೆ ಬೇರೆಯಾಗಿ ಕೊಡುವ ಪ್ರಿಪೇರ್ಡ್ ಸ್ಟೇಟ್‌ಮೆಂಟ್ ಬಳಸಿ.

ಫೋಟೊ ಡೇಟಾಬೇಸ್‌ನಲ್ಲೇ ಇರಬೇಕಾ, ಫೋಲ್ಡರ್‌ನಲ್ಲಾ? 2006ರಲ್ಲಿ ಮೈಕ್ರೋಸಾಫ್ಟ್ ರಿಸರ್ಚ್‌ನವರು ಎಸ್‌ಕ್ಯೂಎಲ್ ಸರ್ವರ್ ಎಂಬ ತಮ್ಮ ಡೇಟಾಬೇಸ್ ಮೇಲೆ ಅಳೆದು ನೋಡಿದ್ದರು. 256 ಕೆಬಿ ಒಳಗಿದ್ದರೆ ಡೇಟಾಬೇಸ್ ಮೇಲು, 1 ಎಂಬಿ ದಾಟಿದರೆ ಫೈಲೇ ಮೇಲು. ಅದು ಹಳೇ ಲೆಕ್ಕ, ಆದರೂ ಚಿಕ್ಕ ಪಾಸ್‌ಪೋರ್ಟ್ ಫೋಟೊ ಆದರೆ ನಾನು ಡೇಟಾಬೇಸ್‌ನಲ್ಲೇ ಇಡುತ್ತೇನೆ. ಒಂದೇ ಬ್ಯಾಕಪ್‌ನಲ್ಲಿ ಎಲ್ಲ ಬರುತ್ತದೆ.

ಕಾಣದ ಅಕ್ಷರದ ಕಾಟ ಕನ್ನಡ ಟೈಪ್ ಮಾಡುವವರಿಗೇ ಜಾಸ್ತಿ. ರೈತನ ಹೆಸರು ಮಹೇಶ್ ಅನ್ನಿ. ಯುಟಿಎಫ್-8ರಲ್ಲಿ ಐದು ಕೋಡ್‌ಗಳು (ಮ, ಹ, ಏ ಸ್ವರಚಿಹ್ನೆ, ಶ, ಹಲಂತ), ಒಂದೊಂದಕ್ಕೆ 3 ಬೈಟು, ಒಟ್ಟು 15. ಇನ್ನೊಬ್ಬ ಆಪರೇಟರ್ ಅದೇ ಹೆಸರು ಟೈಪ್ ಮಾಡಿದಾಗ ಕೊನೆಗೊಂದು ಜೀರೋ ವಿಡ್ತ್ ನಾನ್ ಜಾಯ್ನರ್ ಎಂಬ ಅಗಲವಿಲ್ಲದ, ಕಾಣದ ಅಕ್ಷರ ಸೇರಿಕೊಂಡಿತು. ಪರದೆಯಲ್ಲಿ ಎರಡೂ ಒಂದೇ. ಆದರೆ ಇದು 18 ಬೈಟು. ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ಇವೆರಡನ್ನೂ ಬೇರೆ ಬೇರೆ ಅಂತಲೇ ಎಣಿಸುತ್ತದೆ. ಒಬ್ಬನೇ ರೈತ ಎರಡು ಖಾತೆಯಲ್ಲಿ ಕೂರುತ್ತಾನೆ, ಕಬ್ಬಿನ ಬಿಲ್ಲೂ ಎರಡು ಕಡೆ ಹಂಚಿಹೋಗುತ್ತದೆ.

ಹಾಗಂತ ಕಂಡಕಂಡಲ್ಲಿ ಅದನ್ನು ಕಿತ್ತು ಹಾಕುವಂತಿಲ್ಲ. ‘ರಾಜ್‌ಕುಮಾರ’ ಅಂತ ಬರೆಯುವಾಗ ಒತ್ತಕ್ಷರ ಆಗದಂತೆ ತಡೆಯುವುದು ಅದೇ. ತೆಗೆದರೆ ‘ರಾಜ್ಕುಮಾರ’ ಆಗುತ್ತದೆ. ಆದ್ದರಿಂದ ಹೆಸರಿನ ಕೊನೆಯಲ್ಲಿದ್ದರೆ ಮಾತ್ರ ತೆಗೆಯಿರಿ, ಅದೂ ಇನ್ಸರ್ಟ್ ಮಾಡುವ ಮೊದಲೇ. ಹಳೇ ಟೇಬಲ್‌ನಲ್ಲಿ ಎಷ್ಟಿವೆ ಅಂತ ನೋಡಲು, ಕೊನೆಯ 3 ಬೈಟು 226, 128, 140 ಇರುವ ಸಾಲುಗಳನ್ನು ಹುಡುಕಿ. ಊಟ ಆದ ಮೇಲೆ ಲ್ಯಾಬ್‌ನಲ್ಲಿ ಈ ಕ್ವೆರಿಯನ್ನೇ ಒಟ್ಟಿಗೆ ಬರೆಯೋಣ. ಅಷ್ಟರೊಳಗೆ ಪ್ರಶ್ನೆ ಇದ್ದರೆ ಕೇಳಿ.