ಬೆಂಗಳೂರಿನ ಆಕಾಶಕ್ಕೆ ಕಂಪ್ಯೂಟರ್ ಮೌಂಟ್ ಮತ್ತು ಕ್ಯಾಮೆರಾ

ಆತ್ಮೀಯ ಆಕಾಶ ವೀಕ್ಷಕರೇ,

ದೂರದರ್ಶಕವನ್ನು ಹೊತ್ತು ತಿರುಗಿಸುವ ಆಧಾರವೇ ಮೌಂಟ್. ಎಡಬಲಕ್ಕೂ ಮೇಲೆ ಕೆಳಗೂ ಮಾತ್ರ ತಿರುಗುವ ಆಲ್ಟ್-ಆಜ್ ಮೌಂಟ್‌ನಿಂದ ನೀಹಾರಿಕೆಗಳ ಚಿತ್ರ ತೆಗೆಯಲು ಸಾಧ್ಯವಿಲ್ಲ, ಅದಕ್ಕೆ ಧ್ರುವ ನಕ್ಷತ್ರದತ್ತ ಗುರಿಯಿಟ್ಟ ಅಕ್ಷದ ಸುತ್ತ ತಿರುಗುವ ಈಕ್ವಟೋರಿಯಲ್ ಮೌಂಟೇ ಬೇಕು ಎಂಬ ಮಾತನ್ನು ನೀವು ಕೇಳಿರುತ್ತೀರಿ. ಬೆಂಗಳೂರಿನ ಮಟ್ಟಿಗೆ ನಾನು ಇದನ್ನು ಒಪ್ಪುವುದಿಲ್ಲ. ಹೊಸಕೋಟೆಯಲ್ಲಿ ಕುಳಿತ ಖಗೋಳಜ್ಞರು ಉಪಗ್ರಹ ಸಂಪರ್ಕದ ಮೂಲಕ ನಡೆಸುವ, ಲಡಾಖಿನ ಹಾನ್ಲೆಯಲ್ಲಿರುವ 2 ಮೀಟರ್ ಹಿಮಾಲಯನ್ ಚಂದ್ರ ದೂರದರ್ಶಕದ ಮೌಂಟ್ ಕೂಡ ಆಲ್ಟ್-ಆಜ್ ಬಗೆಯದೇ.

ಆದರೂ ಆ ಮಾತಿನ ಹಿಂದೆ ಒಂದು ನಿಜವಾದ ತೊಡಕಿದೆ. ಕಂಪ್ಯೂಟರ್ ಎರಡೂ ಮೋಟಾರುಗಳನ್ನು ನಡೆಸಿ ನಕ್ಷತ್ರವನ್ನು ಚಿತ್ರದ ನಡುವೆ ಹಿಡಿದಿಟ್ಟರೂ ಅದರ ಸುತ್ತಲಿನ ಆಕಾಶ ನಿಧಾನವಾಗಿ ತಿರುಗುತ್ತಿರುತ್ತದೆ. ನಡುವಿನ ನಕ್ಷತ್ರ ಚುಕ್ಕಿಯಾಗಿ ಉಳಿದರೆ ಮೂಲೆಯ ನಕ್ಷತ್ರಗಳು ಕಮಾನಿನ ಗೆರೆಗಳಾಗುತ್ತವೆ. ದೊಡ್ಡ ದೂರದರ್ಶಕಗಳಲ್ಲಿ ಉಪಕರಣವನ್ನೇ ತಿರುಗಿಸಿ ಇದನ್ನು ಸರಿದೂಗಿಸುತ್ತಾರೆ. ನಮ್ಮಲ್ಲಿ ಆ ಸೌಲಭ್ಯವಿಲ್ಲ. ಆದರೆ ತಿರುಗುವ ವೇಗ ಎಲ್ಲ ದಿಕ್ಕಿನಲ್ಲೂ ಒಂದೇ ಅಲ್ಲ ಎಂಬುದು ನಮ್ಮ ಪಾಲಿನ ಅನುಕೂಲ. ನೇರ ಪೂರ್ವ ಮತ್ತು ಪಶ್ಚಿಮದಲ್ಲಿ ಅದು ಸೊನ್ನೆ, ಉತ್ತರ ದಕ್ಷಿಣಗಳಲ್ಲಿ ಹೆಚ್ಚು, ನೆತ್ತಿಯ ಸಮೀಪದಲ್ಲಿ ಅತಿ ಹೆಚ್ಚು.

ಮಹಾವ್ಯಾಧನ (ಓರಿಯನ್) ನೀಹಾರಿಕೆಯನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಅಕ್ಷಾಂಶ ಸುಮಾರು 13 ಡಿಗ್ರಿ ಆದ್ದರಿಂದ ಈ ನೀಹಾರಿಕೆ ದಕ್ಷಿಣದಲ್ಲಿ ಸುಮಾರು 72 ಡಿಗ್ರಿ ಎತ್ತರಕ್ಕೇರುತ್ತದೆ. ಆ ಹೊತ್ತಿನಲ್ಲಿ ಚಿತ್ರ ತಿರುಗುವ ವೇಗ ಗಂಟೆಗೆ ಸುಮಾರು 46 ಡಿಗ್ರಿ. ಅದೇ ನೀಹಾರಿಕೆ ಪೂರ್ವದಲ್ಲಿ 30 ಡಿಗ್ರಿ ಎತ್ತರದಲ್ಲಿದ್ದಾಗ ವೇಗ ಗಂಟೆಗೆ ಸುಮಾರು 4 ಡಿಗ್ರಿ ಮಾತ್ರ. 30 ಸೆಕೆಂಡಿನ ಎಕ್ಸ್‌ಪೋಷರ್ ಕೊಟ್ಟರೆ, 4 ಮೈಕ್ರಾನ್ ಪಿಕ್ಸೆಲ್‌ಗಳಿರುವ ಎಪಿಎಸ್-ಸಿ (ಅನೇಕ ಡಿಎಸ್ಎಲ್ಆರ್ ಕ್ಯಾಮೆರಾಗಳಲ್ಲಿರುವ ಅಳತೆಯ) ಸೆನ್ಸರಿನ ಮೂಲೆಯಲ್ಲಿ ಮೊದಲನೆಯದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಪಿಕ್ಸೆಲ್ ಉದ್ದದ ಗೆರೆ ಮೂಡುತ್ತದೆ, ಎರಡನೆಯದರಲ್ಲಿ ಸುಮಾರು ಎರಡು ಪಿಕ್ಸೆಲ್. ನಕ್ಷತ್ರ ನೆತ್ತಿಗೇರುವವರೆಗೆ ಕಾಯಬೇಕೆಂಬ ರೂಢಿಯ ಸಲಹೆ ಈ ಮೌಂಟ್‌ಗೆ ಒಗ್ಗುವುದಿಲ್ಲ. ಡಿಸೆಂಬರ್ ಮಧ್ಯದಲ್ಲಿ ರಾತ್ರಿ ಎಂಟೂವರೆಯಿಂದ ಹತ್ತರವರೆಗೆ, ನೀಹಾರಿಕೆ 30ರಿಂದ 50 ಡಿಗ್ರಿ ಎತ್ತರದಲ್ಲಿರುವ ಅವಧಿಯೇ ಒಳ್ಳೆಯದು. 30 ಡಿಗ್ರಿ ಎತ್ತರದಲ್ಲಿ ಬೆಳಕು ನೆತ್ತಿಗಿಂತ ಎರಡು ಪಟ್ಟು ಗಾಳಿಯನ್ನು ಹಾದು ಬರಬೇಕು ಎಂಬುದು ನಿಜ. ಆ ನಷ್ಟವನ್ನು ಒಪ್ಪಿಕೊಳ್ಳಬಹುದು.

ಹಾಗಾದರೆ ಈಕ್ವಟೋರಿಯಲ್ ಮೌಂಟನ್ನೇ ಕೊಳ್ಳಬಾರದೇಕೆ? ಖಂಡಿತ ಕೊಳ್ಳಬಹುದು. ಆದರೆ ನಮ್ಮಲ್ಲಿ ಧ್ರುವ ನಕ್ಷತ್ರ ಕ್ಷಿತಿಜದಿಂದ 13 ಡಿಗ್ರಿಯಷ್ಟೇ ಮೇಲಿರುವುದರಿಂದ ಬಡಾವಣೆಯ ಯಾವುದಾದರೂ ಮಹಡಿ ಮನೆ ಅದನ್ನು ಮರೆಮಾಡುತ್ತದೆ, ಅಷ್ಟು ಕಡಿಮೆ ಕೋನಕ್ಕೆ ಬಾಗಿಸಿದಾಗ ಕೆಲವು ಮೌಂಟ್‌ಗಳ ಪ್ರತಿತೂಕದ ಸಲಾಕೆ ಸ್ಟ್ಯಾಂಡಿನ ಕಾಲಿಗೆ ತಗಲುತ್ತದೆ. ಇದಕ್ಕಿಂತ ಮುಖ್ಯವಾದುದು ನಗರದ ಬೆಳಕು. ದೀರ್ಘ ಎಕ್ಸ್‌ಪೋಷರ್ ಕೊಟ್ಟರೆ ಆಕಾಶವೇ ಬೆಳ್ಳಗಾಗುವ ಊರಿನಲ್ಲಿ, ಐದು ನಿಮಿಷ ಅಲುಗದೆ ಹಿಡಿಯುವ ಮೌಂಟ್‌ನ ಸಾಮರ್ಥ್ಯ ಬಹುಪಾಲು ಬಳಕೆಗೇ ಬರುವುದಿಲ್ಲ. ಗಿಡ್ಡ ಎಕ್ಸ್‌ಪೋಷರ್‌ಗಳನ್ನು ಬಹಳಷ್ಟು ತೆಗೆದು, ಸ್ಟ್ಯಾಕಿಂಗ್ ತಂತ್ರಾಂಶದಲ್ಲಿ ಒಂದರ ಮೇಲೊಂದು ಹೊಂದಿಸುವುದೇ ಇಲ್ಲಿನ ದಾರಿ. ಒಂದು ಚಿತ್ರಕ್ಕೂ ಇನ್ನೊಂದಕ್ಕೂ ನಡುವಿನ ತಿರುವನ್ನು ತಂತ್ರಾಂಶ ಸರಿಪಡಿಸುತ್ತದೆ; ಒಂದೇ ಚಿತ್ರದೊಳಗೆ ಎಳೆದುಹೋದ ಗೆರೆಯನ್ನು ಅದು ತಿದ್ದಲಾರದು. ಚಿತ್ರಗಳ ಸಂಖ್ಯೆ ನಾಲ್ಕು ಪಟ್ಟಾದರೆ ಚಿತ್ರವನ್ನು ಕಾಳುಕಾಳಾಗಿಸುವ ನಾಯ್ಸ್ ಅರ್ಧಕ್ಕಿಳಿಯುತ್ತದೆ ಎಂಬುದು ನೆನಪಿರಲಿ.

ಕ್ಯಾಮೆರಾ ಸಿಕ್ಕಿಸಿದ ಕೂಡಲೇ ಕೊಳವೆಯ ಹಿಂಭಾಗ ಭಾರವಾಗುತ್ತದೆ. ಕ್ಲಚ್ ಸಡಿಲಿಸಿ, ಕೊಳವೆಯನ್ನು ಹಿಡಿಪಟ್ಟಿಯಲ್ಲಿ ಸ್ವಲ್ಪ ಮುಂದಕ್ಕೆ ಸರಿಸಿ, ಎಷ್ಟೇ ಎತ್ತರಕ್ಕೆ ತಿರುಗಿಸಿ ಕೈಬಿಟ್ಟರೂ ಅದು ಅಲ್ಲೇ ನಿಲ್ಲುವಂತೆ ಸಮತೋಲನ ಮಾಡಿಕೊಳ್ಳಿ. ಕೇಬಲ್ಲನ್ನು ಜೋತುಬೀಳಲು ಬಿಡದೆ ಮೌಂಟ್‌ನ ತೋಳಿಗೆ ಕಟ್ಟಿ. ರೋಹಿಣಿ, ಲುಬ್ಧಕಗಳಂಥ ಒಂದಕ್ಕೊಂದು ದೂರವಿರುವ ಎರಡು ನಕ್ಷತ್ರಗಳನ್ನು ತೋರಿಸಿ ಮೌಂಟ್‌ಗೆ ದಿಕ್ಕು ತಿಳಿಸಿದರೂ ಗುರಿ ಕೆಲವೊಮ್ಮೆ ಸಣ್ಣ ಸೆನ್ಸರಿನ ಹೊರಗೆ ಬೀಳುತ್ತದೆ. ಅಂಥ ಸಂದರ್ಭಕ್ಕೆಂದೇ ಪ್ಲೇಟ್ ಸಾಲ್ವಿಂಗ್ ಇದೆ: ಕ್ಯಾಮೆರಾ ಒಂದು ಚಿತ್ರ ತೆಗೆಯುತ್ತದೆ, ಲ್ಯಾಪ್‌ಟಾಪ್ ಅದರಲ್ಲಿರುವ ನಕ್ಷತ್ರಗಳ ವಿನ್ಯಾಸವನ್ನು ನಕ್ಷತ್ರಪಟ್ಟಿಯೊಂದಿಗೆ ಹೋಲಿಸಿ ದೂರದರ್ಶಕ ನಿಜಕ್ಕೂ ಎಲ್ಲಿ ನೋಡುತ್ತಿದೆ ಎಂದು ಕಂಡುಕೊಳ್ಳುತ್ತದೆ, ಮೌಂಟ್ ಅಷ್ಟು ದೂರ ಸರಿದುಕೊಳ್ಳುತ್ತದೆ. ಕ್ಯಾಮೆರಾ ಹಾಕಿದವರೆಲ್ಲರೂ ಇದನ್ನು ಮೊದಲ ದಿನವೇ ಕಲಿಯಬೇಕೆಂಬುದು ನನ್ನ ಆಗ್ರಹ.

ಒಂದೂವರೆ ಗಂಟೆಯ ಚಿತ್ರಗಳನ್ನು ಹೊಂದಿಸಿದಾಗ ಒಟ್ಟು ತಿರುವು ಹತ್ತು ಡಿಗ್ರಿಯಷ್ಟಾಗಿ ಅಂಚುಗಳನ್ನು ಕತ್ತರಿಸಬೇಕಾಗುತ್ತದೆ. ಆದ್ದರಿಂದ ನೀಹಾರಿಕೆಯನ್ನು ಚಿತ್ರದ ನಟ್ಟನಡುವೆ, ಸುತ್ತಲೂ ಜಾಗ ಬಿಟ್ಟು ಇರಿಸಿಕೊಳ್ಳಿ.